ಗ್ರೂಪಿನಲ್ಲಿ ಗದ್ದಲ ಮಾಡುವವರನ್ನು ಏನು ಮಾಡೋದು? ಫೋನ್, ಬೀಗ, 30 ದಿನ, ಕಾಯಂ ವಿದಾಯ

ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 20ನೇ ತಾರೀಖು ಅಂದರೆ ಪರೀಕ್ಷೆಯ ದಿನ. 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್, ಹಾಕಲು ಅದೇ ಕೊನೆ. ಕ್ಲೈಂಟ್‌ಗಳು ಬಿಲ್ ತಂದುಕೊಡುವುದೇ 19ರ ರಾತ್ರಿ. ಅಂಥ ಒಂದು 20ನೇ ತಾರೀಖಿನ ಸಂಜೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಜಗಳ ಆಯಿತು. ಈ ಬರಹ ಹುಟ್ಟಿದ್ದು ಅಲ್ಲಿಂದ.

ನಮ್ಮದು ದಾವಣಗೆರೆ, ಚಿತ್ರದುರ್ಗ ಕಡೆಯ ತೆರಿಗೆ ಸಲಹೆಗಾರರ ಗ್ರೂಪು. ಸುಮಾರು 300 ಜನ ಇದ್ದೇವೆ. ನಾನು ಅಡ್ಮಿನ್‌ಗಳಲ್ಲಿ ಒಬ್ಬಳು. ಹಿರಿಯೂರಿನ ಒಬ್ಬ ಹುಡುಗ, ಕೆಲಸ ಶುರು ಮಾಡಿ ಇನ್ನೂ ವರ್ಷ ಆಗಿರಲಿಲ್ಲ, ಕೇಳಿದ: "ಸರ್, ಮಾಲು ಕೊಟ್ಟವರು ಬಿಲ್ ಅಪ್‌ಲೋಡ್ ಮಾಡಿಲ್ಲ. 2ಬಿಯಲ್ಲಿ ಕಾಣ್ತಿಲ್ಲ. ಈ ತಿಂಗಳು ಐಟಿಸಿ ತಗೋಬಹುದಾ?" 2ಬಿ ಅಂದರೆ ಮಾಲು ಕೊಟ್ಟವರು ಹಾಕಿದ ಬಿಲ್‌ಗಳಿಂದ ಪೋರ್ಟಲ್ಲೇ ಮಾಡಿಕೊಡುವ ಪಟ್ಟಿ. ಐಟಿಸಿ ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಉತ್ತರ ಒಂದೇ ಸಾಲು. 2022ರ ಜನವರಿಯಿಂದ 2ಬಿಯಲ್ಲಿ ಬಂದದ್ದನ್ನಷ್ಟೇ ತೆಗೆದುಕೊಳ್ಳಬೇಕು. ಆದರೆ ಒಬ್ಬ ಹಿರಿಯರು ಬರೆದದ್ದು ಹೀಗೆ: "ಇಷ್ಟೂ ಗೊತ್ತಿಲ್ದೆ ಬೋರ್ಡ್ ಹಾಕ್ಕೊಂಡು ಕೂತಿದೀರಾ?"

ಅಲ್ಲಿಂದ ಶುರು. ಹುಡುಗನ ಪರ ನಾಲ್ಕು ಜನ, ಹಿರಿಯರ ಪರ ಐದು ಜನ. ಮುಕ್ಕಾಲು ಗಂಟೆಯಲ್ಲಿ 112 ಮೆಸೇಜು. ಇದರ ನಡುವೆ ಹೊಸದುರ್ಗದ ಮೇಡಂ ಒಬ್ಬರು ಒಂದು ಸಾಲು ಹಾಕಿದ್ದರು: "ಪ್ರೊಪ್ರೈಟರ್‌ಗಳಿಗೆ ಡಿಎಸ್‌ಸಿ ತಗೋತಿಲ್ಲ ಅಂದ್ರೆ ಇವಿಸಿ ಓಟಿಪಿಯಲ್ಲಿ ಹಾಕಿ, ಹೋಗ್ತಿದೆ." ಡಿಜಿಟಲ್ ಸಹಿ (ಡಿಎಸ್‌ಸಿ) ಕೆಲಸ ಮಾಡದಿದ್ದರೆ ಫೋನಿಗೆ ಬರುವ ಓಟಿಪಿಯಲ್ಲೇ (ಇವಿಸಿ) ರಿಟರ್ನ್ ಹಾಕಿ ಅಂತ. ಆವತ್ತು ಎಲ್ಲರಿಗೂ ಬೇಕಾಗಿದ್ದ ಮಾತು ಅದೊಂದೇ. ಜಗಳದ ಕೆಳಗೆ ಹೂತುಹೋಯಿತು. ನಾನೇ ನೋಡಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ನನ್ನ ಇಬ್ಬರು ಕ್ಲೈಂಟ್‌ಗಳಿಗೆ ದಿನಕ್ಕೆ 50 ರೂಪಾಯಿಯ ಲೇಟ್ ಫೀ ಓಡಲು ಶುರುವಾಗಿತ್ತು. ಜೊತೆಗೆ ವರ್ಷಕ್ಕೆ ಶೇ. 18ರ ಬಡ್ಡಿ.

ಹುಡುಗ ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಿಂಗಳಾದ ಮೇಲೆ ಗ್ರೂಪ್ ಬಿಟ್ಟ. 2022ರಿಂದ ವಾಟ್ಸಾಪಿನಲ್ಲಿ ಯಾರಾದರೂ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ. ಹಾಗಾಗಿ 300 ಜನರಲ್ಲಿ ಅದನ್ನು ಕಂಡವರು ನಾವು ಮೂವರೇ.

ಡಾಕ್ಟರು, ವಕೀಲರು, ಮೇಷ್ಟ್ರು, ಎಂಜಿನಿಯರ್, ಮೆಡಿಕಲ್ ಶಾಪಿನವರು, ಯಾರ ಗ್ರೂಪೇ ಇರಲಿ, ಈ ಕಥೆ ನಿಮಗೆ ಹೊಸದಲ್ಲ ಅಂದುಕೊಂಡಿದ್ದೇನೆ. ಮಾಡಬಹುದಾದ ದಾರಿಗಳು ಏಳೆಂಟಿವೆ. ನಾವು ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದ್ದೇವೆ. ಯಾವುದು ಯಾವಾಗ ಕೆಲಸ ಮಾಡುತ್ತದೆ, ಯಾವುದರಿಂದ ಏನು ನಷ್ಟ ಅಂತ ಬರೆಯುತ್ತಿದ್ದೇನೆ. ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವರು ಮಾತಾಡುವುದರಿಂದ ಯಾರು ಮಾತು ನಿಲ್ಲಿಸಿದ್ದಾರೆ? ನನಗೆ ಎಷ್ಟು ಸಿಟ್ಟು ಬಂದಿದೆ ಅನ್ನುವುದು ಲೆಕ್ಕಕ್ಕಿಲ್ಲ.

ಎಲ್ಲ ಗದ್ದಲವೂ ಒಂದೇ ಅಲ್ಲ

ಬೆಳಿಗ್ಗೆ ಎದ್ದರೆ ಶುಭೋದಯದ ಚಿತ್ರ ಹಾಕುವವರು, ರಾಜಕೀಯದ ಫಾರ್ವರ್ಡ್ ಹಾಕುವವರು, ಸಾಫ್ಟ್‌ವೇರ್ ಮಾರುವವರು. ಇವರಿಂದ ಕಿರಿಕಿರಿ ಜಾಸ್ತಿ, ಗಾಯ ಕಡಿಮೆ. ಇವರಿಗೆ ಶಿಕ್ಷೆ ಬೇಕಿಲ್ಲ, ಜಾಗ ಬೇಕು. ನಾವು ಹರಟೆಗೆ ಅಂತಲೇ ಇನ್ನೊಂದು ಗ್ರೂಪ್ ಮಾಡಿದೆವು. ಮಾರಾಟದ ಮೆಸೇಜಿಗೆ ಶನಿವಾರ ಮಾತ್ರ ಅಂದೆವು. ಮುಕ್ಕಾಲು ಪಾಲು ತಲೆನೋವು ಅಲ್ಲಿಗೇ ಹೋಯಿತು.

ಇನ್ನೊಂದು ಜಾತಿ ಇದೆ. ಬೈಯುವುದಿಲ್ಲ, ಕೂಗುವುದಿಲ್ಲ. ಆದರೆ ಒಂದೇ ವಾದವನ್ನು 40 ಸಲ ಹೇಳುತ್ತಾರೆ. ಯಾರು ಏನೇ ಬರೆದರೂ ಕೆಳಗೆ ಅವರದೊಂದು ಉತ್ತರ ಇರುತ್ತದೆ. ಮಾತೆಲ್ಲ ಮರ್ಯಾದೆಯದ್ದೇ ಆದ್ದರಿಂದ ಅಡ್ಮಿನ್‌ಗೆ ಕೈ ಕಟ್ಟಿದ ಹಾಗಾಗುತ್ತದೆ. ಇವರನ್ನು ತಡೆಯಲು ನನಗೆ ಕಂಡ ಒಳ್ಳೆಯ ದಾರಿ ಅಂದರೆ ಚರ್ಚೆಯನ್ನು ಮುಗಿಸುವುದು: "ಈ ವಿಷಯದಲ್ಲಿ ಎರಡೂ ಅಭಿಪ್ರಾಯ ಬಂದಿವೆ. ಹೊಸ ಸುತ್ತೋಲೆಯೋ ತೀರ್ಪೋ ಬರುವ ತನಕ ಇಲ್ಲಿಗೆ ಸಾಕು." ಮುಚ್ಚಿದ್ದು ವಿಷಯವನ್ನು. ಮನುಷ್ಯನಿಗೆ ಅವಮಾನ ಆಗಲಿಲ್ಲ.

ಮೂರನೆಯವರು ಹಂಗಿಸುವವರು. ಕಷ್ಟ ಇರುವುದು ಇಲ್ಲೇ. ಮುಂದೆ ಬರೆದಿರುವುದು ಬಹುಮಟ್ಟಿಗೆ ಇವರ ಬಗ್ಗೆಯೇ.

ಫೋನ್ ಮಾಡಬೇಕೋ, ಗ್ರೂಪಿನಲ್ಲೇ ಹೇಳಬೇಕೋ?

ನಮ್ಮ ಕಡೆ ದೊಡ್ಡವರಿಗೆ ನಾಲ್ಕು ಜನರ ಎದುರು ಬುದ್ಧಿ ಹೇಳಿದರೆ ಅವರು ಬುದ್ಧಿ ಕೇಳುವುದಿಲ್ಲ, ಮರ್ಯಾದೆ ಹೋಯಿತು ಅಂತ ಇನ್ನೂ ಗಟ್ಟಿಯಾಗಿ ನಿಲ್ಲುತ್ತಾರೆ. ಹಾಗಾಗಿ ಎಲ್ಲರೂ ಮೊದಲು ಫೋನ್ ಮಾಡಿ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆದರೆ ಮೆಸೇಜ್ ಕಳಿಸಬೇಡಿ, ಫೋನೇ ಮಾಡಿ. ಖಾಸಗಿಯಾಗಿ ಕಳಿಸಿದ ಮೆಸೇಜಿನ ಸ್ಕ್ರೀನ್‌ಶಾಟ್ ಐದು ನಿಮಿಷದಲ್ಲಿ ಅದೇ ಗ್ರೂಪಿಗೆ ಬಂದದ್ದನ್ನು ನಾನು ಕಂಡಿದ್ದೇನೆ.

ಆ ಹಿರಿಯರಿಗೆ ನಾನು ಅದೇ ರಾತ್ರಿ ಫೋನ್ ಮಾಡಲಿಲ್ಲ. ಮರುದಿನ ಊಟದ ಹೊತ್ತು ಕಳೆದ ಮೇಲೆ ಮಾಡಿದೆ. "ಊಟ ಆಯ್ತಾ ಸರ್? ಐದು ನಿಮಿಷ ಮಾತಾಡ್ಬಹುದಾ?" ಅಂದೆ. "ಏನಮ್ಮಾ, ನಿನ್ನೆ ಗ್ರೂಪಿನ ವಿಷಯ ಅಲ್ವಾ?" ಅಂತ ಅವರೇ ಶುರು ಮಾಡಿದರು. ಅವರು ಕಲಿಯುವಾಗ ಅವರ ಗುರುಗಳು ತಪ್ಪು ಮಾಡಿದರೆ ಫೈಲನ್ನೇ ಎಸೆಯುತ್ತಿದ್ದರಂತೆ. ಈಗಿನ ಹುಡುಗರಿಗೆ ಓದುವ ಅಭ್ಯಾಸವೇ ಇಲ್ಲವಂತೆ. ಎಲ್ಲ ಕೇಳಿಸಿಕೊಂಡೆ. ಆಮೇಲೆ ಅವರು ಬರೆದ ಆ ಸಾಲನ್ನು ಮೆಲ್ಲಗೆ ಓದಿ ಹೇಳಿದೆ, ನನ್ನ ಕಡೆಯಿಂದ ಒಂದು ಮಾತೂ ಸೇರಿಸದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹಾಗೆ ಬರೆದಿದ್ನಾ?" ಅಂದರು.

ಫೋನಿನ ಬೆಲೆ ಇದು. ಎರಡು ತಿಂಗಳು ಅವರು ತುಂಬಾ ಹುಷಾರಾಗಿ ಬರೆದರು.

ಆದರೆ ಫೋನಿಗೆ ಒಂದು ದೊಡ್ಡ ಕೊರತೆ ಇದೆ. ಅದು ನನಗೆ ತಡವಾಗಿ ಗೊತ್ತಾಯಿತು. ಹಂಗಿಸಿದ್ದನ್ನು 300 ಜನ ನೋಡಿದರು, ತಿದ್ದಿದ್ದನ್ನು ಯಾರೂ ನೋಡಲಿಲ್ಲ. ಆ ಹುಡುಗನ ಪಾಲಿಗೆ ಅಡ್ಮಿನ್‌ಗಳು ಸುಮ್ನೆ ಕೂತಿದ್ದರು ಅಷ್ಟೇ. ಅವನು ಗ್ರೂಪ್ ಬಿಟ್ಟ ಮೇಲೆ ಫೋನ್ ಮಾಡಿದೆ. "ಪರವಾಗಿಲ್ಲ ಮೇಡಂ, ಯೂಟ್ಯೂಬ್ ನೋಡ್ಕೊಂಡು ಕಲೀತೀನಿ" ಅಂದ. ನಾನು ಮೊದಲ ಫೋನ್ ಮಾಡಬೇಕಾಗಿದ್ದು ಅವನಿಗೆ.

ಹಾಗಾಗಿ ಈಗ ಎರಡನ್ನೂ ಸೇರಿಸಿ ಮಾಡುತ್ತೇವೆ. ಗ್ರೂಪಿನಲ್ಲಿ ಕೂಡಲೇ ಎರಡು ಸಾಲು, ಯಾರ ಹೆಸರೂ ಎತ್ತದೆ: "ಪ್ರಶ್ನೆ ಸರಿಯಾಗಿದೆ, ಉತ್ತರ ಇಷ್ಟು. ಯಾರ ಯೋಗ್ಯತೆಯ ಮಾತೂ ಇಲ್ಲಿ ಬೇಡ." ಇದು ನೊಂದವರಿಗಾಗಿ. ಆಮೇಲೆ ಫೋನು, ಬರೆದವರಿಗೆ. ಹೆಸರು ಹಿಡಿದು ಗ್ರೂಪಿನಲ್ಲಿ ಎಚ್ಚರಿಕೆ ಕೊಡುವುದನ್ನು ಫೋನಿನ ಮಾತು ಮುರಿದ ಮೇಲಕ್ಕೆ ಇಟ್ಟುಕೊಳ್ಳಿ. ಕೊಡುವುದಾದರೆ ಯಾವ ಮಾತು ತಪ್ಪು, ಮತ್ತೆ ಆದರೆ ಏನಾಗುತ್ತದೆ, ಎರಡನ್ನೂ ಬಿಡಿಸಿ ಹೇಳಿ. "ಎಲ್ಲರೂ ಸಂಯಮದಿಂದಿರಿ" ಅನ್ನುವ ಮೆಸೇಜಿನಿಂದ ಏನೂ ಆಗುವುದಿಲ್ಲ. ಹಂಗಿಸಿದವರು ಅದು ಬೇರೆಯವರಿಗೆ ಅಂದುಕೊಳ್ಳುತ್ತಾರೆ, ಸಂಯಮದಲ್ಲಿದ್ದವರು ತಮಗೇ ಅಂದುಕೊಳ್ಳುತ್ತಾರೆ.

ಬೀಗ ಹಾಕುವುದೋ, ಮೆಸೇಜ್ ಅಳಿಸುವುದೋ?

"ಅಡ್ಮಿನ್ ಮಾತ್ರ ಮೆಸೇಜ್ ಕಳಿಸಬಹುದು" ಅನ್ನುವ ಸೆಟ್ಟಿಂಗ್ ವಾಟ್ಸಾಪಿಗೆ ಬಂದದ್ದು 2018ರಲ್ಲಿ. ಒಂದು ಒತ್ತು ಒತ್ತಿದರೆ ಗ್ರೂಪೇ ನಿಶ್ಶಬ್ದ. ಸಿಟ್ಟು ಬಂದಾಗ ಬೆರಳು ಮೊದಲು ಹೋಗುವುದೇ ಅಲ್ಲಿಗೆ. ಆದರೆ ಯಾರ ಬಾಯಿ ಮುಚ್ಚಿತು ನೋಡಿ. ಇಬ್ಬರ ಜಗಳಕ್ಕೆ 298 ಜನರದ್ದು. ಆವತ್ತು ಬೀಗ ಹಾಕಿದ್ದರೆ ಹೊಸದುರ್ಗದ ಮೇಡಂ ಮಾತೂ ಒಳಗೆ ಬರುತ್ತಿರಲಿಲ್ಲ. ಜುಲೈ 31ಕ್ಕೆ ಆದಾಯ ತೆರಿಗೆ ರಿಟರ್ನ್, ಸೆಪ್ಟೆಂಬರ್ 30ಕ್ಕೆ ಆಡಿಟ್ ರಿಪೋರ್ಟ್, ಇಂಥ ದಿನಗಳಲ್ಲಿ ಗ್ರೂಪಿಗೆ ಬೀಗ ಹಾಕಿದರೆ ಗ್ರೂಪ್ ಇದ್ದೂ ಇಲ್ಲದ ಹಾಗೆ.

ನನ್ನ ಮಾತು ಕೇಳುವುದಾದರೆ, ಬೀಗ ಹಾಕಿದರೆ ಒಂದು ಗಂಟೆಗಿಂತ ಜಾಸ್ತಿ ಹಾಕಬೇಡಿ. ಹಾಕುವಾಗಲೇ ತೆಗೆಯುವ ಸಮಯ ಬರೆಯಿರಿ: "7.30ಕ್ಕೆ ತೆರೆಯುತ್ತೇವೆ." ಆ ಸಮಯಕ್ಕೆ ತೆರೆಯಿರಿ. ಬೆಂಕಿಗೆ ನೀರು ಹಾಕಿದ ಹಾಗೆ ಅದು. ಬೆಂಕಿ ಆರಿದ ಮೇಲೂ ನೀರು ಹಾಕುತ್ತಾ ನಿಲ್ಲುವುದಿಲ್ಲ ಅಲ್ವಾ?

ಅಡ್ಮಿನ್ ಬೇರೆಯವರ ಮೆಸೇಜ್ ಅಳಿಸುವ ಸೌಲಭ್ಯ ಬಂದದ್ದು 2022ರಲ್ಲಿ. ಅಳಿಸಿದ ಜಾಗದಲ್ಲಿ ಯಾವ ಅಡ್ಮಿನ್ ಅಳಿಸಿದರು ಅಂತ ಕಾಣುತ್ತದೆ. ಅದು ಒಳ್ಳೆಯದೇ, ಕದ್ದುಮುಚ್ಚಿ ಮಾಡಿದ ಹಾಗಾಗುವುದಿಲ್ಲ. ಯಾರದ್ದಾದರೂ ಪ್ಯಾನ್ ನಂಬರ್, ಕ್ಲೈಂಟಿನ ಬ್ಯಾಂಕ್ ಸ್ಟೇಟ್‌ಮೆಂಟ್, ಹೆಂಗಸರ ಬಗ್ಗೆ ಕೆಟ್ಟ ಮಾತು, ಜಾತಿ ಎತ್ತಿ ಆಡಿದ ಮಾತು ಬಂದರೆ ಯೋಚನೆ ಮಾಡದೆ ಅಳಿಸಿ. ಆದರೆ ಅಳಿಸುವ ಮೊದಲು ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾಳೆ "ನಾನು ಹಾಗೆ ಹೇಳೇ ಇಲ್ಲ" ಅಂದರೆ ಬೇಕಾಗುತ್ತದೆ. ನಿಮಗೆ ಒಪ್ಪಿಗೆಯಾಗದ ಅಭಿಪ್ರಾಯವನ್ನು ಮಾತ್ರ ಯಾವತ್ತೂ ಅಳಿಸಬೇಡಿ. ಒಂದು ಸಲ ಹಾಗೆ ಮಾಡಿದರೆ ಆಮೇಲೆ ನೀವು ಸರಿಯಾಗಿ ಅಳಿಸಿದ್ದನ್ನೂ ಜನ ನಂಬುವುದಿಲ್ಲ.

ಕೆಲವು ದಿನ ಹೊರಗೋ, ಕಾಯಂ ಹೊರಗೋ?

ಎರಡು ತಿಂಗಳು ಕಳೆಯಿತು. ಆ ಹಿರಿಯರು ಮತ್ತೆ ಶುರು ಮಾಡಿದರು, ಈ ಸಲ ಚಳ್ಳಕೆರೆಯ ಒಬ್ಬ ಹೆಣ್ಣುಮಗಳ ಮೇಲೆ. ಹೆಸರು ಹೇಳಿ ಎಚ್ಚರಿಕೆ ಕೊಟ್ಟೆವು. ವಾರದಲ್ಲಿ ಮೂರನೇ ಸಲ ಆಯಿತು. ತೆಗೆಯಲೇಬೇಕು ಅಂತ ಕೆಲವರು ಹಟ ಹಿಡಿದರು. ಅವರು 25 ವರ್ಷದಿಂದ ಕೆಲಸ ಮಾಡುತ್ತಿರುವವರು, ನಮ್ಮಲ್ಲಿ ಎಷ್ಟೋ ಜನ ಕಲಿತದ್ದೇ ಅವರಿಂದ ಅಂತ ಉಳಿದವರು.

ಇಂಥ ಕಡೆ ನನಗೆ ದಾರಿ ತೋರಿಸಿದ್ದು ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ ಒಂದು ಹಳೆಯ ನಿಯಮ. ಅಲ್ಲಿನ ಎಂಜಿನಿಯರ್‌ಗಳು ಕೆಲಸ ಮಾಡುವುದು ಬಹುಪಾಲು ಇಮೇಲ್ ಚರ್ಚೆಯಲ್ಲೇ. ಅಲ್ಲೂ ಇದೇ ತಲೆನೋವು. 2004ರಲ್ಲಿ ಅವರು ಆರ್‌ಎಫ್‌ಸಿ 3934 ಅಂತ ಒಂದು ಪುಟ್ಟ ದಾಖಲೆ ತಂದರು. ಆಗಿನ ಆ ನಿಯಮದ ಪ್ರಕಾರ ಗುಂಪಿನ ಮುಖ್ಯಸ್ಥರು ಮೊದಲು ಆ ವ್ಯಕ್ತಿಯೊಂದಿಗೆ ನೇರವಾಗಿ ಮಾತಾಡಬೇಕು. ಕೇಳದಿದ್ದರೆ ಎಲ್ಲರೆದುರು ಒಂದು ಸಲವಾದರೂ ಎಚ್ಚರಿಕೆ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ, ಕೊನೆಯ ದಾರಿಯಾಗಿ, ಬರೆಯುವ ಹಕ್ಕನ್ನು ತಡೆಹಿಡಿಯಬಹುದು. ಎಷ್ಟು ದಿನ? 30 ದಿನಕ್ಕಿಂತ ಜಾಸ್ತಿ ಇಲ್ಲ. ತಡೆದಿರುವಾಗಲೂ ಉಳಿದವರು ಬರೆದದ್ದು ಅವರಿಗೆ ತಲುಪುತ್ತಲೇ ಇರಬೇಕು. ನಿರ್ಧಾರವನ್ನು ಪ್ರಶ್ನಿಸಿ ಮೇಲ್ಮನವಿ ಹಾಕುವ ದಾರಿಯೂ ಇತ್ತು.

ನನಗೆ ಹಿಡಿಸಿದ್ದು "ತಲುಪುತ್ತಲೇ ಇರಬೇಕು" ಅನ್ನುವ ಮಾತು. ನಮ್ಮ ಕೆಲಸದಲ್ಲಿ ಗ್ರೂಪ್ ಅಂದರೆ ಹೊಟ್ಟೆಪಾಡು. ಕೊನೇ ದಿನ ಮುಂದಕ್ಕೆ ಹೋದ ಸುದ್ದಿ, ಹೊಸ ನೋಟಿಸಿನ ನಮೂನೆ, ಎಲ್ಲ ಅಲ್ಲೇ ಬರುವುದು. ಮಾತಾಡುವ ಹಕ್ಕು ಕಳೆದುಕೊಂಡವರು ಓದುವ ಹಕ್ಕನ್ನೂ ಯಾಕೆ ಕಳೆದುಕೊಳ್ಳಬೇಕು?

ವಾಟ್ಸಾಪಿನಲ್ಲಿ ಇದನ್ನು ಹಾಗೇ ಮಾಡಲು ಬರುವುದಿಲ್ಲ. ಒಬ್ಬರ ಬಾಯಿಗೆ ಮಾತ್ರ ಬೀಗ ಹಾಕುವ ಸೌಲಭ್ಯ ಅಲ್ಲಿಲ್ಲ. ಇಟ್ಟರೆ ಪೂರ್ತಿ ಒಳಗೆ, ತೆಗೆದರೆ ಪೂರ್ತಿ ಹೊರಗೆ. ನಾವು ಮಾಡಿದ್ದು ಇಷ್ಟು. ಮೊದಲೇ ಫೋನ್ ಮಾಡಿ ಹೇಳಿದೆವು: "ಸರ್, ಈ 3ರಿಂದ ಮುಂದಿನ 2ರ ತನಕ. 3ಕ್ಕೆ ಬೆಳಿಗ್ಗೆ ನಾವೇ ಸೇರಿಸ್ತೀವಿ." ಆ ತಿಂಗಳು ಪೂರ್ತಿ ಗ್ರೂಪಿಗೆ ಬಂದ ಸುತ್ತೋಲೆಗಳನ್ನು ನಾನೇ ಅವರಿಗೆ ಪ್ರತ್ಯೇಕವಾಗಿ ಕಳಿಸಿದೆ. ಬೇಸರದ ಕೆಲಸ, ನಿಜ. ಆದರೆ 3ಕ್ಕೆ ಬೆಳಿಗ್ಗೆ ಸೇರಿಸಿದಾಗ ಅವರು ದ್ವೇಷ ಇಟ್ಟುಕೊಂಡು ಬರಲಿಲ್ಲ.

ಕಾಯಂ ಆಗಿ ತೆಗೆಯುವುದಕ್ಕೆ ನನ್ನ ಮಟ್ಟಿಗೆ ಕಾರಣಗಳು ಕಡಿಮೆ. ಬೆದರಿಕೆ, ಖಾಸಗಿ ನಂಬರಿಗೆ ಹೋಗಿ ಹೆಂಗಸರಿಗೆ ಕಾಟ, ಕ್ಲೈಂಟಿನ ಗುಟ್ಟನ್ನು ಬೇಕೆಂದೇ ಹೊರಗೆ ಹಾಕುವುದು. ಇವಕ್ಕೆ ಫೋನೂ ಬೇಡ, 30 ದಿನವೂ ಬೇಡ. ಅದೇ ಕ್ಷಣ ತೆಗೆಯಿರಿ, ಕಾಟಕ್ಕೆ ಒಳಗಾದವರ ಜೊತೆ ನಿಲ್ಲಿ, ಅವರು ಪೊಲೀಸರ ಹತ್ತಿರ ಹೋಗುವುದಾದರೆ ಜೊತೆಗೆ ಹೋಗಿ. ಉಳಿದದ್ದಕ್ಕೆಲ್ಲ ಕಾಯಂ ಅನ್ನುವುದು ಬಲು ಭಾರದ ಮಾತು. ಐಇಟಿಎಫ್‌ನವರೂ 30 ದಿನ ಮೀರಿದ ತಡೆಗೆ ಅದೇ 2004ರಲ್ಲಿ ಬೇರೆಯದೇ ದೊಡ್ಡ ವಿಧಾನ ಇಟ್ಟರು.

ತುಂಬಾ ತಿಳಿದವರು, ಆದರೆ ಬಾಯಿ ಕೆಟ್ಟದ್ದು

ಇಲ್ಲಿ ಅಡ್ಮಿನ್‌ಗಳು ಹಿಂಜರಿಯುವುದು ಜಾಸ್ತಿ. "ಅವರು ಬಿಟ್ಟು ಹೋದರೆ ಕಷ್ಟದ ಪ್ರಶ್ನೆಗೆ ಉತ್ತರ ಹೇಳುವವರು ಯಾರು?" ಅನ್ನುವ ಭಯ. ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಿದ ಲೀನಸ್ ಟೋರ್ವಾಲ್ಡ್ಸ್ ಅವರಿಗಿಂತ ತಿಳಿದವರು ಆ ಗುಂಪಿನಲ್ಲಿ ಇನ್ಯಾರಿದ್ದರು? ಜೊತೆಯವರ ಕೆಲಸವನ್ನು ಒರಟಾಗಿ ಬೈದು ಬರೆಯುವುದಕ್ಕೂ ಅವರು ಹೆಸರುವಾಸಿ. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಎಲ್ಲರೆದುರು ಕ್ಷಮೆ ಕೇಳಿದರು. ತನಗೆ ಬೇರೆಯವರ ಭಾವನೆ ಅರ್ಥ ಮಾಡಿಕೊಳ್ಳಲು ಸಹಾಯ ಬೇಕು ಅಂತ ಹೇಳಿ ಕೆಲವು ವಾರ ಕೆಲಸದಿಂದ ಹಿಂದೆ ಸರಿದರು. ಅದೇ ಹೊತ್ತಿಗೆ ಲಿನಕ್ಸ್ ಕರ್ನೆಲ್ ಗುಂಪಿಗೆ ಹೊಸ ನಡವಳಿಕೆಯ ನಿಯಮಗಳೂ ಬಂದವು. ಅವರು ಇಲ್ಲದ ಆ ವಾರಗಳಲ್ಲಿ ಇನ್ನೊಬ್ಬರು ಕೆಲಸ ನಡೆಸಿದರು, ಲಿನಕ್ಸ್ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಮರಳಿ ಬಂದರು.

ನಮ್ಮ ಗ್ರೂಪಿನಲ್ಲೂ ಹಿರಿಯರು ಹೊರಗಿದ್ದ ತಿಂಗಳು ನಾನು ಒಂದು ವಿಷಯ ಗಮನಿಸಿದೆ. ಯಾವತ್ತೂ ಬಾಯಿ ಬಿಡದ ಏಳೆಂಟು ಜನ ಉತ್ತರ ಹೇಳಲು ಶುರು ಮಾಡಿದರು. ಅವರಿಗೆ ಮೊದಲೂ ಗೊತ್ತಿತ್ತು. ಹೇಳಿದರೆ ಯಾರಾದರೂ ತಪ್ಪು ಹಿಡಿದು ಆಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದರು.

ಜಾಗವನ್ನೇ ಬದಲಿಸಿದರೆ?

ಗ್ರೂಪ್ ಹೊಸದಾಗಿ ಶುರು ಮಾಡುವವರು ಈ ಭಾಗವನ್ನು ಗಮನವಿಟ್ಟು ಓದಿ. ವಾಟ್ಸಾಪಿನ ಬಲ ಅಂದರೆ ಅದು ಎಲ್ಲರ ಫೋನಿನಲ್ಲೂ ಇದೆ, ಹೊಳಲ್ಕೆರೆಯ 60 ದಾಟಿದ ಸರ್ ಕೂಡ ನೋಡುತ್ತಾರೆ. 1024 ಜನರ ತನಕ ಸೇರಬಹುದು. ನಿಭಾಯಿಸುವ ಸಲಕರಣೆ ಮಾತ್ರ ಕಡಿಮೆ.

ಟೆಲಿಗ್ರಾಂನಲ್ಲಿ ಒಬ್ಬರನ್ನೇ ಒಂದು ದಿನ, ಒಂದು ವಾರ, ಒಂದು ತಿಂಗಳು ಬರೆಯದ ಹಾಗೆ ತಡೆಯಬಹುದು, ಅವರು ಓದುತ್ತಾ ಇರಬಹುದು. ಐಇಟಿಎಫ್ ನಿಯಮ ಅಲ್ಲಿ ಹಾಗೇ ಕೂರುತ್ತದೆ. ಸ್ಲೋ ಮೋಡ್ ಅಂತ ಇನ್ನೊಂದಿದೆ. ಕೆಲವು ಸೆಕೆಂಡಿನಿಂದ ಒಂದು ಗಂಟೆ ತನಕ ಅಂತರ ಇಡಬಹುದು. ಒಂದು ಮೆಸೇಜ್ ಹಾಕಿದವರು ಅಷ್ಟು ಹೊತ್ತು ಕಾದು ಮುಂದಿನದ್ದು ಹಾಕಬೇಕು. ಜಗಳ ಏರುವಾಗ ಐದು ನಿಮಿಷದ ಸ್ಲೋ ಮೋಡ್ ಇಟ್ಟರೆ ಬೀಗಕ್ಕಿಂತ ಎಷ್ಟೋ ಮೇಲು, ಯಾರ ಬಾಯಿಯೂ ಮುಚ್ಚುವುದಿಲ್ಲ, ಎಲ್ಲರ ಕೈಯೂ ನಿಧಾನವಾಗುತ್ತದೆ. ಗೂಗಲ್ ಗ್ರೂಪ್ಸ್‌ನಲ್ಲಿ ಒಬ್ಬರ ಬರಹ ಮಾತ್ರ ಅಡ್ಮಿನ್ ನೋಡಿ ಒಪ್ಪಿದ ಮೇಲೆ ಹೋಗುವ ಹಾಗೆ ಮಾಡಬಹುದು. ಉದ್ದದ, ನಿಧಾನದ ಚರ್ಚೆಗೆ ಚೆನ್ನ. 20ನೇ ತಾರೀಖಿನ ಸಂಜೆಗೆ ಆಗುವುದಿಲ್ಲ.

ನಾವು ವಾಟ್ಸಾಪಿನಲ್ಲೇ ಉಳಿದೆವು. ಟೆಲಿಗ್ರಾಂಗೆ ಕರೆದಾಗ ಅರ್ಧ ಜನ ಬರಲಿಲ್ಲ, ಬರದವರಲ್ಲಿ ಹಳ್ಳಿ ಕಡೆಯವರೇ ಜಾಸ್ತಿ. ಇಂದು ಹೊಸದಾಗಿ ಶುರು ಮಾಡುವುದಾಗಿದ್ದರೆ ಟೆಲಿಗ್ರಾಂನಲ್ಲೇ ಮಾಡುತ್ತಿದ್ದೆ.

ನಿರ್ಧಾರ ಯಾರದ್ದು?

ಒಬ್ಬರೇ ಅಡ್ಮಿನ್ ಇದ್ದರೆ ಕೆಲಸ ಬೇಗ ಆಗುತ್ತದೆ, ಆದರೆ ಪ್ರತಿಯೊಂದೂ ವೈಯಕ್ತಿಕವಾಗಿ ಕಾಣುತ್ತದೆ. ಪೋಲ್ ಹಾಕಿ ಎಲ್ಲರ ಮತ ಕೇಳುವುದು ಇನ್ನೂ ಕೆಟ್ಟದ್ದು. ಒಬ್ಬ ಮನುಷ್ಯನನ್ನು ನಡುವೆ ನಿಲ್ಲಿಸಿ 300 ಜನರ ಕೈ ಎತ್ತಿಸಿದ ಹಾಗೆ. ಮೂವರು ಅಡ್ಮಿನ್ ಇರಲಿ, ಬೇರೆ ಬೇರೆ ಊರಿನವರು, ಒಬ್ಬರಾದರೂ ಹೆಣ್ಣುಮಗಳು. ಅಳಿಸಲು ಒಬ್ಬರು ಸಾಕು, ತೆಗೆಯಲು ಇಬ್ಬರ ಒಪ್ಪಿಗೆ ಬೇಕು. ಗ್ರೂಪ್ ಶುರು ಮಾಡಿದವರನ್ನು ಉಳಿದ ಅಡ್ಮಿನ್‌ಗಳು ತೆಗೆಯಲು ಬರುವುದಿಲ್ಲ ಅನ್ನುವುದೂ ನೆನಪಿರಲಿ. ಅವರೇ ಗದ್ದಲ ಮಾಡುವವರಾದರೆ ಹೊಸ ಗ್ರೂಪ್ ಒಂದೇ ದಾರಿ.

ಅಡ್ಮಿನ್ ಆಗಲು ಹೆದರುವವರು ಕೇಳುವ ಮಾತೊಂದಿದೆ: ಯಾರೋ ಏನೋ ಹಾಕಿದರೆ ಕೇಸ್ ನನ್ನ ಮೇಲೆ ಬರುತ್ತದಾ? ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನು ನೋಡಿವೆ. ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಸದಸ್ಯರು ಹಾಕಿದ್ದಕ್ಕೆ ಅವರನ್ನು ಅಪರಾಧಿ ಮಾಡಲು ಬರುವುದಿಲ್ಲ ಅಂತ ಎರಡೂ ಹೇಳಿವೆ. ಜೊತೆಗೂಡಿ ಮಾಡಿದರೆ ಆ ಮಾತು ಬೇರೆ.

ನಮ್ಮ ಗ್ರೂಪಿನ ಡಿಸ್ಕ್ರಿಪ್ಷನ್‌ನಲ್ಲಿ ಈಗ ಇರುವುದನ್ನು ಹಾಗೇ ಕೊಡುತ್ತಿದ್ದೇನೆ. ಬೇಕಾದರೆ ತೆಗೆದುಕೊಳ್ಳಿ, ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ತಿದ್ದಿಕೊಳ್ಳಿ:

"ಇಲ್ಲಿ ಯಾವ ಪ್ರಶ್ನೆಯೂ ಸಣ್ಣದಲ್ಲ. ಉತ್ತರ ಗೊತ್ತಿದ್ದರೆ ಹೇಳಿ, ಕೇಳಿದವರ ಯೋಗ್ಯತೆ ಅಳೆಯಬೇಡಿ. ಹರಟೆಗೆ, ಫಾರ್ವರ್ಡಿಗೆ ಬೇರೆ ಗ್ರೂಪ್ ಇದೆ. 18ರಿಂದ 20ರ ತನಕ ಫೈಲಿಂಗ್ ವಿಷಯ ಮಾತ್ರ. ತಪ್ಪಿದರೆ ಮೊದಲು ಫೋನ್, ಆಮೇಲೆ ಇಲ್ಲೇ ಎಚ್ಚರಿಕೆ, ಆಮೇಲೆ 30 ದಿನ ಹೊರಗೆ. 31ನೇ ದಿನ ನಾವೇ ಸೇರಿಸುತ್ತೇವೆ. ನಮ್ಮ ನಿರ್ಧಾರ ತಪ್ಪು ಅನಿಸಿದರೆ ಮೂವರು ಅಡ್ಮಿನ್‌ಗಳಲ್ಲಿ ಯಾರಿಗೆ ಬೇಕಾದರೂ ಫೋನ್ ಮಾಡಿ, ರಾತ್ರಿ 9ರ ತನಕ."